ಟಾಡ್‌ಬ್ರೂಕ್ ಕೋಡಿ ಕುಸಿದದ್ದೇಕೆ: ಒಂದು ಮಣ್ಣಿನ ಅಣೆಕಟ್ಟಿನ ಪ್ರಕರಣ ಅಧ್ಯಯನ

2019ರ ಆಗಸ್ಟ್ 1ರ ಗುರುವಾರ, ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ವೇಲಿ ಬ್ರಿಜ್ ಎಂಬ ಸಣ್ಣ ಪಟ್ಟಣದ ಜನರಿಗೆ ಪೊಲೀಸರು ಮನೆ ಬಿಟ್ಟು ಹೊರಡಲು ಹೇಳಿದರು. ಪಟ್ಟಣದ ಮೇಲ್ಗಡೆಯಲ್ಲೇ ಇರುವ ಟಾಡ್‌ಬ್ರೂಕ್ ಜಲಾಶಯದ ಕೋಡಿಯಲ್ಲಿ ಕಾಂಕ್ರೀಟ್ ಹಾಸಿನ ಒಂದು ಭಾಗ ಕುಸಿದು, ಅದರಡಿಯ ಏರಿಯ ಮಣ್ಣು ಕೊಚ್ಚಿಹೋಗಿ ದೊಡ್ಡ ಗುಂಡಿ ಬಿದ್ದಿತ್ತು. ಕೆಲವು ದಿನಗಳಿಂದ ಜೋರು ಮಳೆ. ಜಲಾಶಯ ತುಂಬಿತ್ತು, ಮತ್ತೆ ಮಳೆಯ ಮುನ್ಸೂಚನೆ ಇತ್ತು. ಸುಮಾರು 1,500 ಜನ ಮನೆ ಬಿಟ್ಟರು. ಅವರು ವಾಪಸ್ ಬಂದದ್ದು ಆಗಸ್ಟ್ 7ಕ್ಕೆ. ಏರಿ ಒಡೆಯಲಿಲ್ಲ, ಒಂದು ಜೀವವೂ ಹೋಗಲಿಲ್ಲ.

ಅನಾಹುತವೇ ಆಗದ ಮೇಲೆ ಅಧ್ಯಯನ ಯಾಕೆ ಎಂದು ಕೇಳಬಹುದು. ಮಣ್ಣಿನ ಅಣೆಕಟ್ಟು ಒಡೆದರೆ ಅದು ಒಡೆದದ್ದಕ್ಕೆ ಇದ್ದ ಸಾಕ್ಷ್ಯವೂ ನೀರಿನ ಜೊತೆಗೇ ಹೋಗುತ್ತದೆ. ಎಲ್ಲಿ ಮೊದಲು ಸೋರಿತು, ಯಾವ ಸಂದು ಬಾಯಿಬಿಟ್ಟಿತು ಎನ್ನುವುದನ್ನು ಆಮೇಲೆ ಊಹಿಸಬೇಕಾಗುತ್ತದೆ. ಟಾಡ್‌ಬ್ರೂಕ್‌ನಲ್ಲಿ ಅರ್ಧ ಕುಸಿದ ಕೋಡಿ ಹಾಗೇ ಉಳಿಯಿತು. ಅದನ್ನು ಬಿಚ್ಚಿ ನೋಡಿ ಎರಡು ಸ್ವತಂತ್ರ ತನಿಖಾ ವರದಿಗಳು ಬಂದವು. ಜಲಾಶಯದ ಒಡೆತನ ಹೊಂದಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಡಾ. ಆಂಡ್ರ್ಯೂ ಹ್ಯೂಸ್ ಅವರಿಂದ ಒಂದನ್ನು ಮಾಡಿಸಿತು, ಸರ್ಕಾರ ಪ್ರೊ. ಡೇವಿಡ್ ಬಾಮ್‌ಫೋರ್ತ್ ಅವರಿಂದ ಇನ್ನೊಂದನ್ನು. ಎರಡೂ 2020ರ ಮಾರ್ಚ್‌ನಲ್ಲಿ ಸಾರ್ವಜನಿಕವಾದವು. ನೀರು, ಸುರಕ್ಷತೆ, ವಿಹಾರ ಮೂರೂ ಒಂದೇ ಏರಿಯ ಮೇಲೆ ಕೂತಿರುವ ಕಡೆ ಏನೇನು ಕಣ್ತಪ್ಪುತ್ತದೆ ಎನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಕಾಲುವೆಗೆಂದು ಕಟ್ಟಿದ ಕೆರೆ

ಟಾಡ್‌ಬ್ರೂಕ್ ಕುಡಿಯುವ ನೀರಿನ ಜಲಾಶಯವಲ್ಲ, ನೀರಾವರಿಯದ್ದೂ ಅಲ್ಲ. ಅದನ್ನು ಕಟ್ಟಿದ್ದು ದೋಣಿ ಓಡಿಸಲು. ಗಾಯ್ಟ್ ನದಿಗೆ ಸೇರುವ ಟಾಡ್ ಬ್ರೂಕ್ ಎಂಬ ಹಳ್ಳಕ್ಕೆ ಅಡ್ಡಲಾಗಿ 1830ರ ದಶಕದ ಕೊನೆಯಲ್ಲಿ ಏರಿ ಎದ್ದಿತು. ಉದ್ದೇಶ ಪೀಕ್ ಫಾರೆಸ್ಟ್ ಕಾಲುವೆಗೆ ನೀರು ಕೊಡುವುದು. ಆ ಕಾಲುವೆಯಲ್ಲಿ ಸುಣ್ಣದಕಲ್ಲು, ಸುಣ್ಣ, ಕಲ್ಲಿದ್ದಲು ತುಂಬಿದ ದೋಣಿಗಳು ಮ್ಯಾಂಚೆಸ್ಟರ್ ಕಡೆಗೆ ಸಾಗುತ್ತಿದ್ದವು. ದಾರಿಯಲ್ಲಿ ಮಾರ್ಪಲ್ ಎಂಬಲ್ಲಿ ಸಾಲಾಗಿ 16 ಲಾಕ್‌ಗಳಿವೆ. ಲಾಕ್ ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ ಅಥವಾ ಏರಿಸುವ ಬಾಗಿಲುಕಟ್ಟೆ. ದೋಣಿ ಇಳಿದಷ್ಟು ಸಲವೂ ಒಂದು ಲಾಕ್ ತುಂಬ ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ಮೇಲಿನ ಕಾಲುವೆಗೆ ಎಲ್ಲಿಂದಲಾದರೂ ನೀರು ತುಂಬುತ್ತಲೇ ಇರಬೇಕು. ಆ ಕೆಲಸವನ್ನು ಟಾಡ್‌ಬ್ರೂಕ್ ಮತ್ತು ಪಕ್ಕದ ಕಣಿವೆಯ ಕೋಮ್ಸ್ ಜಲಾಶಯ ಹಂಚಿಕೊಂಡವು.

ಸರಕು ದೋಣಿಗಳ ಕಾಲ ಮುಗಿದು ಬಹಳ ವರ್ಷಗಳಾದವು. ಈಗ ಆ ಕಾಲುವೆಯಲ್ಲಿ ಹೋಗುವುದು ರಜೆ ಕಳೆಯುವವರ ದೋಣಿಗಳು, ದೋಣಿಯಲ್ಲೇ ಮನೆ ಮಾಡಿಕೊಂಡವರ ದೋಣಿಗಳು. ಜಲಾಶಯದಲ್ಲಿ ಹಾಯಿದೋಣಿ ಕ್ಲಬ್ ಇತ್ತು, ಗಾಳ ಹಾಕುವವರು ಬರುತ್ತಿದ್ದರು, ಏರಿಯ ಮೇಲೆ ಜನ ವಾಕಿಂಗ್ ಹೋಗುತ್ತಿದ್ದರು. ಏರಿಯ ಬುಡದಲ್ಲೇ ಪಟ್ಟಣದ ಮೆಮೋರಿಯಲ್ ಪಾರ್ಕ್, ಅಲ್ಲಿ ಮಕ್ಕಳು ಆಡುವ ಜಾಗ.

ಪ್ರಕರಣದ ಗಂಟು ಇಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಕಾಗದದ ಮೇಲೆ ಈ ಜಲಾಶಯದ ಕೆಲಸ ಇಂದಿಗೂ ನೀರು ಪೂರೈಕೆ. ಆದರೆ ಪೂರೈಕೆಯಾಗುವ ನೀರು ಹೋಗುವುದೂ ಬಹುಪಾಲು ವಿಹಾರಕ್ಕೇ. ದುಡಿಮೆಯ ಕೆರೆ ನಿಧಾನವಾಗಿ ವಿಹಾರದ ಕೆರೆಯಾಯಿತು, ಅದು ಗಳಿಸುತ್ತಿದ್ದ ಹಣದ ದಾರಿ ಬದಲಾಯಿತು. ಅಪಾಯ ಮಾತ್ರ ಕಡಿಮೆಯಾಗಲಿಲ್ಲ. ಕೆಳಗೆ ಮನೆಗಳಿದ್ದವು, ಶಾಲೆ, ಅಂಗಡಿ, ರೈಲು ಹಳಿ ಇದ್ದವು. ಸರಕು ಸಾಗಿಸುವ ಕಂಪನಿಗೆ ಏರಿ ಒಡೆದರೆ ವ್ಯಾಪಾರವೇ ನಿಂತುಹೋಗುವ ಭಯವಿತ್ತು. ಆ ಭಯ ಮಾಯವಾದ ಮೇಲೆ ಏರಿಯನ್ನು ಕಾಯಲು ಉಳಿದದ್ದು ಕಾನೂನು ಮತ್ತು ಒಡೆತನದ ಸಂಸ್ಥೆಯ ಜವಾಬ್ದಾರಿ. ಆ ಸಂಸ್ಥೆ 2012ರಿಂದ ಒಂದು ದತ್ತಿ ಸಂಸ್ಥೆ. ಸುಮಾರು 2,000 ಮೈಲಿ ಕಾಲುವೆ, ನದಿಗಳನ್ನೂ 70ಕ್ಕೂ ಹೆಚ್ಚು ಜಲಾಶಯಗಳನ್ನೂ ಅದೇ ನೋಡಿಕೊಳ್ಳಬೇಕು.

ಏರಿ ಗಟ್ಟಿ, ಕೋಡಿ ದುರ್ಬಲ

ಏರಿಯ ಎತ್ತರ ಸುಮಾರು 24 ಮೀಟರ್. ನೀರು ಹಿಡಿಯುವುದು ಸುಮಾರು 13 ಲಕ್ಷ ಘನ ಮೀಟರ್. ಎತ್ತರ ಲೆಕ್ಕಕ್ಕೆ ತೆಗೆದುಕೊಂಡರೆ ಇದು ದೊಡ್ಡ ಅಣೆಕಟ್ಟುಗಳ ಪಟ್ಟಿಗೇ ಸೇರುತ್ತದೆ, ಏಕೆಂದರೆ ಅಂತರರಾಷ್ಟ್ರೀಯ ರೂಢಿಯಲ್ಲಿ 15 ಮೀಟರ್ ದಾಟಿದ್ದೆಲ್ಲ ದೊಡ್ಡದು. ನೀರಿನ ಲೆಕ್ಕದಲ್ಲಿ ಮಾತ್ರ ಚಿಕ್ಕದು. ಚಿಕ್ಕದು ಎಂಬ ಮಾತು ಇಲ್ಲಿ ಮೋಸ ಮಾಡುತ್ತದೆ. ನೂರಾರು ಮನೆಗಳ ತಲೆಯ ಮೇಲೆ 13 ಲಕ್ಷ ಘನ ಮೀಟರ್ ನೀರು ಒಟ್ಟಿಗೆ ಇಳಿದರೆ ಅದು ದೊಡ್ಡ ಜಲಾಶಯವೋ ಚಿಕ್ಕದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಏರಿಯ ರಚನೆ ಆ ಕಾಲದ ಇಂಗ್ಲೆಂಡಿನ ಪದ್ಧತಿಯದು. ನಡುವೆ ಚೆನ್ನಾಗಿ ಕಲಸಿ ತುಳಿದು ಹದಮಾಡಿದ ಜೇಡಿಮಣ್ಣಿನ ಗೋಡೆ, ಎರಡೂ ಮಗ್ಗುಲಲ್ಲಿ ಸಾಮಾನ್ಯ ಮಣ್ಣು. ನೀರನ್ನು ತಡೆಯುವುದು ನಡುವಿನ ಜೇಡಿ, ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದು ಮಗ್ಗುಲಿನ ಮಣ್ಣು. ಇಂಥ ಏರಿಗಳು ಸರಿಯಾಗಿ ಕಟ್ಟಿದರೆ ತಲೆಮಾರುಗಳ ಕಾಲ ನಿಲ್ಲುತ್ತವೆ. ಟಾಡ್‌ಬ್ರೂಕ್ 180 ವರ್ಷ ನಿಂತಿತ್ತು. ಮಣ್ಣಿನ ಏರಿ ತಡೆಯಲಾರದ್ದರಲ್ಲಿ ಮುಖ್ಯವಾದದ್ದು ತನ್ನ ಮೈಮೇಲೆ ಹರಿಯುವ ನೀರು. ಕಾಂಕ್ರೀಟ್ ಅಥವಾ ಕಲ್ಲಿನ ಅಣೆಕಟ್ಟಿನ ಮೇಲೆ ಕೆಲವು ಗಂಟೆ ನೀರು ಉಕ್ಕಿ ಹರಿದರೂ ಅದು ಬದುಕಿ ಉಳಿಯಬಹುದು. ಮಣ್ಣಿನದು ಹಾಗಲ್ಲ. ಹೊರ ಇಳಿಜಾರಿನ ಮಣ್ಣು ಕೊರೆಯುತ್ತಾ ಕೊರೆತ ಹಿಂದಕ್ಕೆ, ಜೇಡಿಯ ಗೋಡೆಯ ಕಡೆಗೆ ಹತ್ತುತ್ತದೆ. ಗೋಡೆಯ ಒತ್ತಾಸೆ ಹೋದರೆ ಆಟ ಮುಗಿಯಿತು. ಅದಕ್ಕೇ ಮಣ್ಣಿನ ಅಣೆಕಟ್ಟಿನ ಪ್ರಾಣ ಕೋಡಿಯಲ್ಲಿದೆ ಎನ್ನುವುದು. ಹೆಚ್ಚಿನ ನೀರು ಏರಿಯ ಮಣ್ಣನ್ನು ಮುಟ್ಟದೆ ಕೆಳಗಿನ ಹಳ್ಳಕ್ಕೆ ಸೇರಬೇಕು.

ಮೊದಲಿಗೆ ಟಾಡ್‌ಬ್ರೂಕ್‌ಗೆ ಇದ್ದದ್ದು ಏರಿಯ ಒಂದು ಪಕ್ಕದಲ್ಲಿ ಕಲ್ಲಿನಿಂದ ಕಟ್ಟಿದ ಕೋಡಿ. 1964ರ ಪ್ರವಾಹದಲ್ಲಿ ಅದಕ್ಕೆ ಪೆಟ್ಟು ಬಿತ್ತು. ದೊಡ್ಡ ಪ್ರವಾಹಕ್ಕೆ ಅದೊಂದು ಸಾಲದು ಎಂದು 1969-70ರಲ್ಲಿ ಎರಡನೆಯ ಕೋಡಿಯನ್ನು ಸೇರಿಸಿದರು. ಅದನ್ನು ಕಟ್ಟಿದ ಜಾಗ ಏರಿಯ ಹೊರ ಇಳಿಜಾರು. ಅಂದರೆ ನೀರು ಮುಟ್ಟಲೇಬಾರದ ಮಣ್ಣಿನ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿ, ಅದರ ಮೇಲೆ ಪ್ರವಾಹವನ್ನು ಹರಿಯಬಿಟ್ಟರು. ಇದು ಸ್ವತಃ ತಪ್ಪಲ್ಲ, ಹಲವು ಕಡೆ ಹೀಗೆ ಮಾಡಿದ್ದಾರೆ. ಆದರೆ ಹೀಗೆ ಮಾಡಿದ ಮೇಲೆ ಆ ಚಪ್ಪಡಿಯೇ ಅಣೆಕಟ್ಟಿನ ಅತಿ ಮುಖ್ಯ ಅಂಗ. 2019ರಲ್ಲಿ ಕುಸಿದದ್ದು ಅದೇ. 180 ವರ್ಷದ ಮಣ್ಣಲ್ಲ, ಸುರಕ್ಷತೆಗೆಂದು ಸೇರಿಸಿದ 50 ವರ್ಷದ ಕಾಂಕ್ರೀಟ್.

ಚಪ್ಪಡಿಯ ಅಡಿಗೆ ನೀರು ಹೋದರೆ

ಕಾಂಕ್ರೀಟ್ ಹಾಸು ನೋಡಲು ಭದ್ರ. ಇಳಿಜಾರಿನ ತುಂಬ ಬೂದುಬಣ್ಣದ ಹಲಗೆಗಳು, ನಡುವೆ ನೇರ ಗೆರೆಗಳಂತೆ ಸಂದುಗಳು. ನೀರು ಬರದ ದಿನ ಅದರ ಮೇಲೆ ಒಬ್ಬ ಮನುಷ್ಯ ನಡೆದಾಡಿದರೆ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಕೆಡುಕು ನಡೆಯುವುದು ಅಡಿಯಲ್ಲಿ.

ನೀರು ಚಪ್ಪಡಿಯ ಅಡಿಗೆ ಹೋಗಲು ಎರಡು ದಾರಿ. ಒಂದು, ಮೇಲಿನಿಂದ. ಜಲಾಶಯದ ನೀರು ಕೋಡಿಯ ತಲೆಗಟ್ಟೆಯ, ಅಂದರೆ ನೀರು ದಾಟಿ ಹರಿಯುವ ಮೇಲ್ತುದಿಯ ಕಟ್ಟೆಯ, ಕೆಳಗಿನಿಂದ ನುಸುಳಿ ಹಾಸಿನಡಿ ಇಳಿಯುವುದು. ಇದನ್ನು ತಡೆಯಲು ತಲೆಗಟ್ಟೆಯ ಅಡಿಯಿಂದ ಮಣ್ಣಿನ ಆಳಕ್ಕೆ, ಏರಿಯ ಜೇಡಿಗೆ ಸರಿಯಾಗಿ ಬೆಸೆದುಕೊಂಡಿರುವ ತಡೆಗೋಡೆ ಬೇಕು. ಇನ್ನೊಂದು, ಕೋಡಿ ಹರಿಯುವಾಗ ಸಂದುಗಳಿಂದ, ಬಿರುಕುಗಳಿಂದ. ಇದನ್ನು ತಡೆಯಲು ಸಂದಿನಲ್ಲಿ ರಬ್ಬರು ಅಥವಾ ಪಿವಿಸಿಯ ನೀರುತಡೆ ಪಟ್ಟಿ ಹೂಡಿರಬೇಕು. ಅಷ್ಟು ಮಾಡಿದರೂ ಒಂದಿಷ್ಟು ನೀರು ಹೋಗಿಯೇ ಹೋಗುತ್ತದೆ. ಅದು ಅಲ್ಲೇ ನಿಲ್ಲದಂತೆ ಚಪ್ಪಡಿಯ ಅಡಿಯಲ್ಲಿ ಜಲ್ಲಿಯ ಪದರ, ತೂತಿನ ಕೊಳವೆ ಹಾಕಿ ಹೊರಕ್ಕೆ ಬಸಿಯುವ ವ್ಯವಸ್ಥೆ ಬೇಕು. ತನಿಖೆಗಳು ಬೆರಳು ತೋರಿಸಿದ್ದು ಈ ಬಗೆಯ ಕೊರತೆಗಳ ಕಡೆಗೇ: ತೆಳು ಚಪ್ಪಡಿ, ಸಂದುಗಳಲ್ಲಿ ನೀರುತಡೆ ಇಲ್ಲ, ಅಡಿಯಲ್ಲಿ ಬಸಿಯುವ ಏರ್ಪಾಡು ಸಾಲದು, ತಲೆಗಟ್ಟೆಯ ಬಳಿ ತಡೆ ಸಾಲದು.

ಒಂದು ಲೆಕ್ಕ ಮಾಡಿ ನೋಡೋಣ, ಆಗ ಇದರ ತೀವ್ರತೆ ತಿಳಿಯುತ್ತದೆ. ಇದು ಟಾಡ್‌ಬ್ರೂಕ್‌ನ ಅಳತೆಯಲ್ಲ, ಇಂಥ ಯಾವುದೇ ಕೋಡಿಗೆ ಹೊಂದುವ ಲೆಕ್ಕ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಪ್ಪಡಿ ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಅಡಿಯಿಂದ 36 ಸೆಂಟಿಮೀಟರ್ ನೀರಿನಷ್ಟು ಒತ್ತಡ ಬಂದರೆ ಆ ತೂಕಕ್ಕೆ ಸಮ. ಈಗ ಇಳಿಜಾರಿನಲ್ಲಿ ನೀರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಒಂದು ಸಂದಿನಲ್ಲಿ ಕೆಳಗಿನ ಚಪ್ಪಡಿಯ ಅಂಚು ಬೆರಳಿನಷ್ಟು ಮೇಲೆದ್ದಿದೆ. ಓಡಿಬರುವ ನೀರು ಆ ಅಂಚಿಗೆ ಬಡಿದು ನಿಂತಾಗ ಅದರ ವೇಗವೆಲ್ಲ ಒತ್ತಡವಾಗಿ ಮಾರ್ಪಡುತ್ತದೆ. ಆ ಒತ್ತಡ ಸುಮಾರು 5 ಮೀಟರ್ ನೀರಿನಷ್ಟು. ಅದರ ಹತ್ತನೆಯ ಒಂದು ಪಾಲು ಸಂದಿನೊಳಗೆ ಹೊಕ್ಕು ಚಪ್ಪಡಿಯ ಅಡಿಗೆ ಹರಡಿದರೂ ಸಾಕು, ತೆಳು ಚಪ್ಪಡಿ ಮೇಲೇಳಲು ನೋಡುತ್ತದೆ. ಬಿರುಗಾಳಿ ತಗಡಿನ ಮಾಡಿನ ಅಂಚಿನೊಳಗೆ ನುಗ್ಗಿ ಇಡೀ ತಗಡನ್ನು ಎತ್ತಿಬಿಡುವ ಹಾಗೆ. ಚಪ್ಪಡಿಯನ್ನು ಮಣ್ಣಿಗೆ ಬಿಗಿಯುವುದೂ ಸುಲಭವಲ್ಲ. ಬಂಡೆಯ ಮೇಲಾದರೆ ಕಬ್ಬಿಣದ ಸರಳು ಹೂಡಿ ಹಿಡಿಸಬಹುದು, ತುಂಬಿದ ಮಣ್ಣಿನಲ್ಲಿ ಸರಳಿಗೆ ಅಷ್ಟು ಹಿಡಿತ ಸಿಗುವುದಿಲ್ಲ.

ಮೇಲಕ್ಕೇಳದಿದ್ದರೂ ಕೇಡು ತಪ್ಪಿದ್ದಲ್ಲ. ಅಡಿಗೆ ಹೋದ ನೀರು ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹೊತ್ತು ಕೆಳಗಿನ ಸಂದುಗಳಿಂದ ಹೊರಬರುತ್ತದೆ. ವರ್ಷಗಟ್ಟಲೆ ಹೀಗಾದರೆ ಚಪ್ಪಡಿಯ ಅಡಿ ಪೊಳ್ಳಾಗುತ್ತದೆ. ಮೇಲಿನಿಂದ ನೋಡುವವರಿಗೆ ಚಪ್ಪಡಿ ಇದ್ದ ಹಾಗೇ ಕಾಣುತ್ತದೆ, ಆದರೆ ಅದು ಮಣ್ಣಿನ ಮೇಲೆ ಕೂತಿರುವುದಿಲ್ಲ, ಟೊಳ್ಳಿನ ಮೇಲೆ ಸೇತುವೆಯಂತೆ ನಿಂತಿರುತ್ತದೆ. ಮುಂದಿನ ಜೋರು ಪ್ರವಾಹ ಬಂದ ದಿನ ಅದು ಮುರಿಯುತ್ತದೆ. ಮುರಿದ ಕ್ಷಣದಿಂದ ಪೂರ್ತಿ ಹರಿವು ನೇರವಾಗಿ ಏರಿಯ ಮಣ್ಣಿಗೇ ಬಡಿಯುತ್ತದೆ.

ಟಾಡ್‌ಬ್ರೂಕ್‌ನ ಸಂದುಗಳಲ್ಲಿ ಗಿಡಗಳು ಬೆಳೆದಿದ್ದವು. ಗಿಡವನ್ನು ಅಂದಗೆಡಿಸುವ ಕಳೆ ಎಂದು ನೋಡಿದರೆ ತಪ್ಪಾಗುತ್ತದೆ. ಸಂದಿನಲ್ಲಿ ಗಿಡ ಬದುಕಿದೆ ಎಂದರೆ ಅಲ್ಲಿ ಬೇರಿಗೆ ಜಾಗವಿದೆ, ತೇವವಿದೆ ಎಂದು ಅರ್ಥ. ಸಂದು ತೆರೆದಿದೆ ಎನ್ನುವುದಕ್ಕೆ ಅದಕ್ಕಿಂತ ಸುಲಭದ ಗುರುತು ಇಲ್ಲ. ಬಾಮ್‌ಫೋರ್ತ್ ವರದಿ ಮುಖ್ಯ ಕಾರಣವನ್ನು ಕಳಪೆ ವಿನ್ಯಾಸ ಎಂದಿತು, ಜೊತೆಗೆ ವರ್ಷಗಳಿಂದ ನಿಂತು ನಿಂತು ನಡೆದ ನಿರ್ವಹಣೆ ಅದನ್ನು ಇನ್ನಷ್ಟು ಹದಗೆಡಿಸಿತು ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು. ಒಳ್ಳೆಯ ವಿನ್ಯಾಸ ಒಂದಷ್ಟು ಅಲಕ್ಷ್ಯವನ್ನು ತಾಳಿಕೊಳ್ಳುತ್ತದೆ. ಕೆಟ್ಟ ವಿನ್ಯಾಸಕ್ಕೆ ದಿನನಿತ್ಯದ ಆರೈಕೆ ಬೇಕು, ಅದು ತಪ್ಪಿದರೆ ಉಳಿಗಾಲವಿಲ್ಲ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಕೆಳಗೆ ಜನವಸತಿ ಇರುವ ಇಂಥ ಅಣೆಕಟ್ಟನ್ನು ಅಲ್ಲಿ ಎ ವರ್ಗಕ್ಕೆ ಸೇರಿಸುತ್ತಾರೆ. ಆ ವರ್ಗದ ಕೋಡಿ, ಆ ಜಲಾನಯನದಲ್ಲಿ ಸಂಭವಿಸಬಹುದಾದ ಗರಿಷ್ಠ ಪ್ರವಾಹವನ್ನೂ ಅಣೆಕಟ್ಟು ಒಡೆಯದಂತೆ ದಾಟಿಸಬೇಕು. 2019ರ ಮಳೆ ಜೋರಾಗಿತ್ತು ನಿಜ, ಆದರೆ ಆ ಗರಿಷ್ಠದ ಹತ್ತಿರಕ್ಕೂ ಅದು ಬಂದಿರಲಿಲ್ಲ. ಹಾಗಾಗಿ ಮಳೆಯ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳಲು ಇಲ್ಲಿ ಅವಕಾಶವಿಲ್ಲ.

ಆ ಆರು ದಿನ

ಗುಂಡಿ ಬಿದ್ದ ಏರಿಯನ್ನು ಉಳಿಸಲು ಮಾಡಬೇಕಾದ ಕೆಲಸ ಮೂರು: ಗುಂಡಿ ತುಂಬು, ಒಳಬರುವ ನೀರು ತಿರುಗಿಸು, ಇರುವ ನೀರು ಇಳಿಸು. ಮೂರೂ ಒಟ್ಟಿಗೆ ನಡೆಯಬೇಕು. ಗುಂಡಿಯ ಹತ್ತಿರ ಲಾರಿ, ಕ್ರೇನ್ ತರುವುದು ಅಪಾಯವಾದ್ದರಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 400 ಟನ್ ಜಲ್ಲಿಯನ್ನು ದೊಡ್ಡ ಚೀಲಗಳಲ್ಲಿ ತಂದು ಇಳಿಸಿತು. ಚೀಲಗಳ ಭಾರ ಉಳಿದ ಚಪ್ಪಡಿಗಳನ್ನು ಒತ್ತಿ ಹಿಡಿಯುವುದು, ತೆರೆದ ಮಣ್ಣಿನ ಮೇಲೆ ಒಂದು ಹೊದಿಕೆ ಆಗುವುದು, ಇಷ್ಟೇ ಉದ್ದೇಶ. ಒಳಬರುವ ಹಳ್ಳದ ನೀರನ್ನು ಜಲಾಶಯದ ಪಕ್ಕದ ಕಾಲುವೆಗೆ ತಿರುಗಿಸಿದರು.

ನೀರು ಇಳಿಸುವುದೇ ಕಷ್ಟದ ಕೆಲಸವಾಯಿತು. ಹಳೆಯ ಜಲಾಶಯದ ತೂಬುಗಳನ್ನು ಮಾಡಿರುವುದು ಕಾಲುವೆಗೆ ದಿನಕ್ಕಿಷ್ಟು ನೀರು ಬಿಡಲು. ತುರ್ತಿನಲ್ಲಿ ಜಲಾಶಯ ಖಾಲಿ ಮಾಡುವುದು ಅವುಗಳಿಂದ ಆಗುವ ಕೆಲಸವಲ್ಲ. ಹದಿನೈದು ಹೆಕ್ಟೇರ್ ಹರವಿನ ಒಂದು ಜಲಾಶಯದಲ್ಲಿ ದಿನಕ್ಕೆ ಒಂದು ಮೀಟರ್ ಮಟ್ಟ ಇಳಿಸಬೇಕಾದರೆ ಸೆಕೆಂಡಿಗೆ ಸುಮಾರು 1.7 ಘನ ಮೀಟರ್ ಹೊರಹಾಕಬೇಕು, ಅದೂ ಒಳಹರಿವು ಪೂರ್ತಿ ನಿಂತಿದ್ದರೆ. ಟಾಡ್‌ಬ್ರೂಕ್‌ಗೆ ದೇಶದ ನಾನಾ ಕಡೆಯಿಂದ ಅಗ್ನಿಶಾಮಕ ದಳದವರ ಭಾರಿ ಪಂಪುಗಳು ಬಂದವು. ಇಪ್ಪತ್ತಕ್ಕೂ ಹೆಚ್ಚು ಪಂಪುಗಳು ಹಗಲೂ ರಾತ್ರಿ ಓಡಿದವು. ಇಂಗ್ಲೆಂಡಿನ ಮಾರ್ಗಸೂಚಿಯ ಪ್ರಕಾರ, ಜನವಸತಿಯ ಮೇಲಿರುವ ಮಣ್ಣಿನ ಅಣೆಕಟ್ಟಿಗೆ ದಿನಕ್ಕೆ ಎತ್ತರದ ಶೇ 5ರಷ್ಟು, ಹೆಚ್ಚೆಂದರೆ ಒಂದು ಮೀಟರ್, ನೀರು ಇಳಿಸುವ ಸಾಮರ್ಥ್ಯ ಇರಬೇಕು. ಈ ಸಾಮರ್ಥ್ಯ ಅಣೆಕಟ್ಟಿನಲ್ಲೇ ಇರುವುದಕ್ಕೂ ಆಪತ್ತಿನ ದಿನ ಪಂಪುಗಳಿಗೆ ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ವೇಲಿ ಬ್ರಿಜ್ ಕಂಡಿತು. ಎಷ್ಟು ಬೇಗ ಬೇಕಾದರೂ ಇಳಿಸಿಬಿಡಬಹುದು ಎಂದೂ ಇಲ್ಲ. ನೀರು ತೀರಾ ಬೇಗ ಇಳಿದರೆ ಒಳ ಇಳಿಜಾರಿನ ಮಣ್ಣಿನಲ್ಲಿ ನಿಂತ ನೀರು ಬಸಿದುಹೋಗಲು ಸಮಯ ಸಿಗದೆ, ತೂಕದ ಒದ್ದೆ ಮಣ್ಣು ಜಲಾಶಯದೊಳಕ್ಕೆ ಜಾರಬಹುದು.

ಜನರಿಗೆ ಇದೆಲ್ಲ ಹೇಗೆ ಕಂಡಿರಬೇಕು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಕೈಗೆ ಸಿಕ್ಕ ಬಟ್ಟೆ, ಔಷಧಿ ಎತ್ತಿಕೊಂಡು ಹೊರಟವರು. ನಡುವೆ ಒಂದು ದಿನ ಮನೆಗೊಬ್ಬರಂತೆ, ಹದಿನೈದು ನಿಮಿಷದ ಮಟ್ಟಿಗೆ, ಸಾಕುಪ್ರಾಣಿ, ಬೇಕಾದ ಸಾಮಾನು ತರಲು ಬಿಟ್ಟರು. ಮತ್ತೆ ಬಿರುಮಳೆಯ ಎಚ್ಚರಿಕೆ ಬಂದಾಗ ಇನ್ನಷ್ಟು ಮನೆಗಳನ್ನು ಖಾಲಿ ಮಾಡಿಸಿದರು. ನೀರಿನ ಮಟ್ಟ ಹಲವು ಮೀಟರ್ ಇಳಿದು, ತಜ್ಞರು ಸರಿ ಎಂದ ಮೇಲೆ ಬುಧವಾರ ಜನ ಮನೆ ಸೇರಿದರು.

ತಪಾಸಣೆ ನಡೆದಿತ್ತು

ಕಾನೂನು ಇಲ್ಲದ ಊರಿನಲ್ಲಿ ನಡೆದ ಕಥೆ ಇದಲ್ಲ. 1925ರಲ್ಲಿ ವೇಲ್ಸ್‌ನ ಡಾಲ್ಗಾರೋಗ್‌ನಲ್ಲಿ ಅಣೆಕಟ್ಟು ಒಡೆದು 16 ಜನ ಸತ್ತ ಮೇಲೆ, 1930ರಲ್ಲೇ ಬ್ರಿಟನ್ ಜಲಾಶಯ ಸುರಕ್ಷತಾ ಕಾಯ್ದೆ ತಂದಿತು. ಈಗ ಇರುವುದು 1975ರ ಕಾಯ್ದೆ. ಇಂಗ್ಲೆಂಡಿನಲ್ಲಿ 25,000 ಘನ ಮೀಟರಿಗಿಂತ ಹೆಚ್ಚು ನೀರು ನೆಲಮಟ್ಟದ ಮೇಲೆ ಹಿಡಿಯುವ ಜಲಾಶಯಗಳಿಗೆ ಅದು ಅನ್ವಯಿಸುತ್ತದೆ. ಅಪಾಯದ ಜಲಾಶಯಕ್ಕೆ ಒಬ್ಬ ಮೇಲ್ವಿಚಾರಣಾ ಎಂಜಿನಿಯರ್ ಸದಾ ಇರಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಮಾಲೀಕರಿಗೆ ಸಂಬಂಧವಿಲ್ಲದ ಇನ್ನೊಬ್ಬ ತಜ್ಞ ಎಂಜಿನಿಯರ್ ಬಂದು ಪೂರ್ತಿ ತಪಾಸಣೆ ಮಾಡಬೇಕು.

ಟಾಡ್‌ಬ್ರೂಕ್‌ನ ಪೂರ್ತಿ ತಪಾಸಣೆ ನಡೆದದ್ದು 2018ರ ನವೆಂಬರ್‌ನಲ್ಲಿ. ವರದಿ 2019ರ ಏಪ್ರಿಲ್‌ನಲ್ಲಿ ಬಂತು. ಕೋಡಿ ಕುಸಿದದ್ದು ಆಗಸ್ಟ್‌ನಲ್ಲಿ. ಕೋಡಿಯ ಸ್ಥಿತಿಯ ಬಗ್ಗೆ ಕೆಲಸ ಆಗಬೇಕೆಂದು ಆ ತಪಾಸಣೆ ಗುರುತಿಸಿತ್ತು. ಇಷ್ಟಾದರೂ ಕುಸಿಯಿತು ಎನ್ನುವುದೇ ನನಗೆ ಈ ಪ್ರಕರಣದ ಅತಿ ಕಹಿ ಭಾಗ. ತಪಾಸಣೆಗೆ ಬಂದವರಿಗೆ ಕಾಣುವುದು ಚಪ್ಪಡಿಯ ಮೇಲ್ಮೈ. ಅಡಿಯಲ್ಲಿ ತಡೆಗೋಡೆ ಇದೆಯೋ ಇಲ್ಲವೋ, ಸಂದಿನಲ್ಲಿ ಪಟ್ಟಿ ಇದೆಯೋ ಇಲ್ಲವೋ ಎನ್ನುವುದನ್ನು 1969ರ ನಕ್ಷೆಗಳು ಹೇಳಬೇಕು, ಇಲ್ಲವೇ ಚಪ್ಪಡಿ ಕೊರೆದು ನೋಡಬೇಕು. ನಕ್ಷೆ ಮೇಜಿನ ಮೇಲಿಲ್ಲದೆ, ಕೊರೆದೂ ನೋಡದೆ ಅನುಭವಿ ಕಣ್ಣೂ ಅರ್ಧವನ್ನೇ ನೋಡುತ್ತದೆ. ತಿಂಗಳುಗಳ ಗಡುವು ಸಾಕೋ, ಇಂದೇ ಮಾಡಬೇಕೋ ಎಂಬ ತೀರ್ಮಾನ ಆ ಕಾಣದ ಅರ್ಧದ ಮೇಲೇ ನಿಂತಿರುತ್ತದೆ. ಸಂಶಯ ಇದ್ದಾಗ ನೀರಿನ ಮಟ್ಟವನ್ನು ಮೊದಲು ಇಳಿಸಿ, ಆಮೇಲೆ ತನಿಖೆ ಮಾಡುವುದು ಒಂದು ದಾರಿ. ಆದರೆ ಕಾಲುವೆಗೆ ನೀರು ಬೇಕಿತ್ತು, ಹಾಯಿದೋಣಿಗಳಿಗೆ ಬೇಕಿತ್ತು, ಮೀನಿಗೂ ಬೇಕಿತ್ತು. ಮಟ್ಟ ಇಳಿಸುವುದರಿಂದ ಆಗುವ ನಷ್ಟ ಕೂಡಲೇ ಎಲ್ಲರಿಗೂ ಕಾಣುತ್ತದೆ. ಇಳಿಸದಿದ್ದರೆ ಆಗುವ ನಷ್ಟ ಆಗುವ ತನಕ ಯಾರಿಗೂ ಕಾಣುವುದಿಲ್ಲ. ಬಳಕೆದಾರರೆಲ್ಲ ತುಂಬಿದ ಕೆರೆಯನ್ನೇ ಬಯಸುವಾಗ ಖಾಲಿ ಜಾಗದ ಪರವಾಗಿ ಮಾತಾಡುವ ಹೊಣೆ ಎಂಜಿನಿಯರ್ ಒಬ್ಬನ ಹೆಗಲಿಗೇ ಬೀಳುತ್ತದೆ.

ಹೀಗೆ ಆಗಬಹುದು ಎಂದು ಯಾರಿಗೂ ಹೊಳೆಯುವಂತಿರಲಿಲ್ಲ ಎನ್ನುವಂತೆಯೂ ಇಲ್ಲ. 2007ರ ಜೂನ್‌ನಲ್ಲಿ ಅಲ್ಲಿಂದ ಬಹಳ ದೂರವಲ್ಲದ ರಾದರ್‌ಹ್ಯಾಮ್‌ನ ಉಲಿ ಜಲಾಶಯದಲ್ಲಿ ಕೋಡಿಯ ಕಲ್ಲಿನ ಗೋಡೆ ಕಿತ್ತುಹೋಗಿ ಏರಿಯ ಮಣ್ಣು ಕೊರೆದಿತ್ತು. ಜನರನ್ನು ಮನೆ ಬಿಡಿಸಿದರು, ಎಂ1 ಹೆದ್ದಾರಿಯನ್ನೇ ಮುಚ್ಚಿದರು. ಅದೂ ಹತ್ತೊಂಬತ್ತನೆಯ ಶತಮಾನದ ಮಣ್ಣಿನ ಏರಿ. ನೀರು ಪೂರೈಕೆಗೆ ಕಟ್ಟಿದ್ದು, ಆ ಕೆಲಸ ಮುಗಿದು ಸ್ಥಳೀಯ ಆಡಳಿತದ ಕೈಯಲ್ಲಿ ವಿಹಾರತಾಣವಾಗಿ ಉಳಿದಿದ್ದದ್ದು. 2017ರ ಫೆಬ್ರುವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ, ಬಹುದೊಡ್ಡ ಪ್ರಮಾಣದಲ್ಲಿ, ಕೋಡಿಯ ಕಾಂಕ್ರೀಟ್ ಚಪ್ಪಡಿಗಳೇ ಎದ್ದುಹೋದವು. ಬಿರುಕು, ಸಂದುಗಳಿಂದ ನುಗ್ಗಿದ ನೀರು ಅಡಿಯಿಂದ ಒತ್ತಿದ್ದೇ ಕಾರಣ ಎಂದು ಅಲ್ಲಿನ ತಜ್ಞರ ತಂಡ ಹೇಳಿತು. ಸುಮಾರು 1,88,000 ಜನ ಊರು ಬಿಟ್ಟಿದ್ದರು. ಉಲಿಯನ್ನು ನೋಡಿದವರು ಹಳೆಯ ಕಲ್ಲಿನ ಕೋಡಿಗಳ ಬಗ್ಗೆ ಎಚ್ಚರಾದರು, ಅದಕ್ಕೆ ಮಾರ್ಗಸೂಚಿಯೂ ಬಂತು. ಕಾಂಕ್ರೀಟ್ ಕೋಡಿ ಕಂಡರೆ ಮನಸ್ಸು ನಿರಾಳವಾಗುವ ಅಭ್ಯಾಸ ಮಾತ್ರ ಹಾಗೇ ಉಳಿದಿತ್ತು ಎಂದು ನನಗೆ ತೋರುತ್ತದೆ.

ರಿಪೇರಿಯ ಬೆಲೆ

2019ರಿಂದ ಟಾಡ್‌ಬ್ರೂಕ್‌ನ ನೀರನ್ನು ಇಳಿಸಿಯೇ ಇಟ್ಟರು. ಮೀನುಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರು. ಹಾಯಿದೋಣಿಗಳಿಗೆ ನೀರಿಲ್ಲದಾಯಿತು. ಕಾಲುವೆ ತನ್ನ ಮುಖ್ಯ ಆಸರೆಗಳಲ್ಲಿ ಒಂದನ್ನು ಕಳೆದುಕೊಂಡು ಉಳಿದ ಮೂಲಗಳ ಮೇಲೆ ನಡೆಯಬೇಕಾಯಿತು.

ಮಾಲೀಕರ ಮುಂದೆ ಇದ್ದ ಆಯ್ಕೆಗಳು ಸುಲಭದವಲ್ಲ. ಏರಿಯನ್ನು ಕಡಿದು ಜಲಾಶಯವನ್ನೇ ಮುಚ್ಚಬಹುದಿತ್ತು, ಆಗ ಕಾಯ್ದೆಯ ಹೊರೆಯೂ ಹೋಗುತ್ತದೆ, ಕಾಲುವೆಯ ನೀರೂ ಹೋಗುತ್ತದೆ. ಮಟ್ಟವನ್ನು ಶಾಶ್ವತವಾಗಿ ತಗ್ಗಿಸಬಹುದಿತ್ತು, ಆಗ ಎಲ್ಲರಿಗೂ ಅರೆಬರೆ. ಅವರು ಆರಿಸಿಕೊಂಡದ್ದು ಹೊಸ ಕೋಡಿಯನ್ನು. ಅದನ್ನು ಏರಿಯ ಮಣ್ಣಿನ ಮೇಲೆ ಹಾಸದೆ ಒಂದು ಪಕ್ಕಕ್ಕೆ ಸರಿಸಿ, ಅಗಲದ ಕಟ್ಟೆಯಿಂದ ನೀರು ಬಿದ್ದು, ಕಾಂಕ್ರೀಟ್ ಕಾಲುವೆಯಲ್ಲಿ ಇಳಿದು, ಬುಡದಲ್ಲಿ ವೇಗ ಕಳೆದುಕೊಂಡು ಹಳ್ಳಕ್ಕೆ ಸೇರುವಂತೆ ರೂಪಿಸಿದರು. ನೀರಿನ ದಾರಿ ಮತ್ತು ಏರಿಯ ಮೈ ಬೇರೆ ಬೇರೆ ಇರಬೇಕೆಂಬ ಹಳೆಯ ತತ್ವಕ್ಕೆ ಇದು ಮರಳಿದಂತೆ. ಈ ಕಾಮಗಾರಿಗಾಗಿ ಹಾಯಿದೋಣಿ ಕ್ಲಬ್ಬಿಗೆ ಹೊಸ ಕಟ್ಟಡ ಬೇಕಾಯಿತು, ಕೆಳಗಿನ ಪಾರ್ಕಿನ ಒಂದಿಷ್ಟು ಜಾಗ ವರ್ಷಗಳ ಕಾಲ ಕಾಮಗಾರಿಗೆ ಹೋಯಿತು. ವಿಹಾರದ ಸೌಕರ್ಯಗಳನ್ನೂ ಯೋಜನೆಯ ಭಾಗವಾಗಿಯೇ ಕಟ್ಟಿಕೊಡುವುದು ಸರಿಯಾದ ಕ್ರಮ ಎಂದು ನಾನು ಭಾವಿಸುತ್ತೇನೆ. ಆರು ದಿನ ಭಯದಲ್ಲಿ ಕಳೆದು, ಆಮೇಲೆ ವರ್ಷಗಟ್ಟಲೆ ಧೂಳು, ಲಾರಿ ಸಹಿಸಿದ ಊರಿಗೆ ಅಷ್ಟಾದರೂ ಸಲ್ಲಬೇಕು.

ಕಾನೂನಿನಲ್ಲೂ ಬದಲಾವಣೆ ಬಂತು. 2021ರಲ್ಲಿ ಇಂಗ್ಲೆಂಡಿನ ದೊಡ್ಡ ಜಲಾಶಯಗಳ ಮಾಲೀಕರೆಲ್ಲ ಸ್ಥಳದಲ್ಲೇ ಬಳಸುವ ತುರ್ತು ಯೋಜನೆ ಸಿದ್ಧವಿಡಬೇಕೆಂದು ಸರ್ಕಾರ ಆದೇಶಿಸಿತು. ಅದೇ ವರ್ಷ ಬಾಮ್‌ಫೋರ್ತ್ ಅವರ ಎರಡನೆಯ ವರದಿ ಇಡೀ ವ್ಯವಸ್ಥೆಯ ಸುಧಾರಣೆಗೆ ಶಿಫಾರಸು ಮಾಡಿತು. ಹಣ ಎಲ್ಲಿಂದ ಎನ್ನುವ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. ಏರಿ ಕೆಳಗಿನ ಮನೆಗಳಿಗೆ ಅಪಾಯ ತರುತ್ತದೆ, ಆದರೆ ಅದರ ನೀರಿನಿಂದ ಸಂತೋಷಪಡುವವರು ದೂರದಿಂದ ಬಂದ ದೋಣಿಯವರೂ ಇರಬಹುದು. ಅಪಾಯ ಹೊರುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು ಆಗಿರುವ ಕಡೆ ಏರಿಯ ಖರ್ಚನ್ನು ದೋಣಿಯ ಬಾಡಿಗೆಗೂ ಗಾಳದ ಶುಲ್ಕಕ್ಕೂ ಬಿಡುವುದು ನ್ಯಾಯವಲ್ಲ. ಅದನ್ನು ಜನರ ಸುರಕ್ಷತೆಯ ಖರ್ಚೆಂದು ಸಾರ್ವಜನಿಕ ಹಣದಿಂದ ಭರಿಸುವುದೇ ಸರಿ.

ಏರಿಯ ಮೇಲೆ ದಿನಾ ನಡೆಯುವ ಜನರಿಂದ ಆಗಬಹುದಾದ ಕೆಲಸವೂ ಒಂದಿದೆ. ವಿಹಾರ ಅಂದರೆ ಏರಿಗೆ ಸವೆತ, ಕಾಲುದಾರಿ, ಕಸ ಎಂದಷ್ಟೇ ಎಂಜಿನಿಯರುಗಳು ನೋಡುತ್ತಾರೆ. ಆದರೆ ಹತ್ತು ವರ್ಷಕ್ಕೊಮ್ಮೆ ಬರುವ ತಜ್ಞನಿಗಿಂತ ಪ್ರತಿ ಬೆಳಿಗ್ಗೆ ನಾಯಿ ಹಿಡಿದು ಬರುವವರು ಹೆಚ್ಚು ಸಲ ಆ ಕೋಡಿಯನ್ನು ನೋಡಿರುತ್ತಾರೆ. ಏನನ್ನು ನೋಡಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಏರಿಯ ಹೊರಮೈಯಲ್ಲಿ ಬೇಸಿಗೆಯಲ್ಲೂ ಆರದ ಒದ್ದೆ, ಒಂದೇ ಕಡೆ ಹಚ್ಚಗೆ ದಟ್ಟವಾದ ಹುಲ್ಲು, ನಿನ್ನೆ ಇಲ್ಲದ ತಗ್ಗು, ಕೋಡಿಯ ಸಂದಿನಲ್ಲಿ ಗಿಡ, ಅಕ್ಕಪಕ್ಕದ ಚಪ್ಪಡಿಗಳ ಅಂಚು ಸಮ ಇಲ್ಲದಿರುವುದು. ಸೋರಿಕೆ ಇದ್ದರೆ ಅದರ ಬಣ್ಣ ನೋಡಬೇಕು. ತಿಳಿನೀರು ಸೋರುತ್ತಿದ್ದರೆ ಅಳತೆ ಇಟ್ಟು ಗಮನಿಸಬೇಕು. ಕೆಂಪಗೆ ಕದಡಿದ ನೀರು ಬರುತ್ತಿದ್ದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ, ಆಗ ಒಂದು ಗಂಟೆಯೂ ತಡಮಾಡುವಂತಿಲ್ಲ. ಇಷ್ಟನ್ನು ಬರೆದ ಒಂದು ಫಲಕ, ಅದರಲ್ಲಿ ಹಗಲು ರಾತ್ರಿ ಎತ್ತುವ ಒಂದು ಫೋನ್ ನಂಬರ್ ಏರಿಯ ಎರಡೂ ತುದಿಗೆ ಇರಬೇಕು. ಕರೆ ಎತ್ತಿಕೊಂಡವರಿಗೆ ತೂಬು ತೆರೆಯಲು ಹೇಳುವ ಅಧಿಕಾರವೂ ಇರಬೇಕು.